ಗುಣವತಿ ಕಾದ ಗೇಟು

ಗುಣವತಿಯ ಮುಖಕ್ಕೆ ಮೊದಲ ಸಲ ಕಾಫಿ ಬಿದ್ದದ್ದು ಸಿಡ್ನಿಯ ಪ್ಯಾರಾಮಟ್ಟಾದಲ್ಲಿ, ಎರಡನೆಯ ಸಲವೂ ಅಲ್ಲೇ. ಮೊದಲನೆಯದು ಸುಡುತ್ತಿತ್ತು, ಎರಡನೆಯದು ಆರಿತ್ತು. ಇದರಿಂದ ಅವಳು ತಿಳಿದುಕೊಂಡದ್ದು ಇಷ್ಟು: ಬೆಳಿಗ್ಗೆ ಏಳಕ್ಕೆ ಹೊರಟವರಿಗೆ ಸಿಟ್ಟು ಮೊದಲ ಗುಟುಕಿಗೇ ಬರುತ್ತದೆ, ಎಂಟೂವರೆಯವರು ಅರ್ಧ ಕುಡಿದು, ಉಳಿದದ್ದು ರುಚಿಸದಿದ್ದರೆ ಮಾತ್ರ ಎಸೆಯುತ್ತಾರೆ. ಮೊಟ್ಟೆ ಎಸೆಯುವವರು ಶನಿವಾರದವರು. ಉಗುಳಿಗೆ ಹೊತ್ತುಗೊತ್ತಿಲ್ಲ.

ಅವಳ ಕೆಲಸ ದೊಡ್ಡದೇನಲ್ಲ. ಟ್ರ್ಯಾಮ್ ಹಳಿ ಹಾಕಲು ರಸ್ತೆ ಅಗೆದಲ್ಲಿ, ಗಾಡಿಗಳು ಒಳನುಗ್ಗದಂತೆ ಆ ರಸ್ತೆಯ ಬಾಯಲ್ಲಿ ನಿಲ್ಲುವುದು. ಕೈಯಲ್ಲಿ ಆಳೆತ್ತರದ ಅಲ್ಯೂಮಿನಿಯಂ ಕೋಲು, ಅದರ ತುದಿಗೆ ಒಂದು ಮಗ್ಗುಲಲ್ಲಿ ಸ್ಟಾಪ್, ಇನ್ನೊಂದು ಮಗ್ಗುಲಲ್ಲಿ ಸ್ಲೋ ಎಂದು ಬರೆದ ತಟ್ಟೆ. ನಿಲ್ಲುವ ಜಾಗಕ್ಕೆ ಗೇಟು ಎಂದು ಹೆಸರು, ಆದರೆ ಅಲ್ಲಿ ಗೇಟು ಇರುವುದಿಲ್ಲ. ನಾಲ್ಕು ಪ್ಲಾಸ್ಟಿಕ್ ಕೋನ್‌ಗಳು ಮತ್ತು ಗುಣವತಿ. ಆ ಕೋಲಿಗೆ ಜನ ಲಾಲಿಪಾಪ್ ಅನ್ನುತ್ತಾರೆ. ಅದನ್ನು ಹಿಡಿದವರಿಗೆ ಅನ್ನುವುದು ಬೇರೆ.

ಅವಳು ಮಲ್ಪೆಯವಳು. ಹದಿನಾಲ್ಕಕ್ಕೆ ಮೀನಿನ ಬುಟ್ಟಿ ತಲೆಗೇರಿಸಿದವಳು ಐವತ್ತಕ್ಕೆ ಇಳಿಸಿದಳು. ಬಂದರಿನ ಏಲಂನಲ್ಲಿ ಹೆಂಗಸರನ್ನು ಮೊಣಕೈಯಿಂದ ತಳ್ಳಿ ಮುಂದೆ ಬಂದ ಒಬ್ಬ ದಲ್ಲಾಳಿಯ ಬೆನ್ನಿಗೆ ಅವಳು ಒಣಗಿದ ತೊರಕೆ ಮೀನಿನ ಚಾಟಿಯಂಥ ಮುಳ್ಳುಬಾಲದಿಂದ ಬಾರಿಸಿದ್ದನ್ನು ನೋಡಿದವರು ಇನ್ನೂ ಇದ್ದಾರೆ. ಅಂಗಿ ಹರಿದು ಚರ್ಮವೂ ಜೊತೆಗೆ ಬಂದಿತ್ತು. ಗಂಡ ವೀರೇಂದ್ರ ಬೋಟಿನಲ್ಲಿ ದುಡಿಯುತ್ತಿದ್ದ, ಕುಡಿಯುತ್ತಿದ್ದ, ಹೊಡೆಯುತ್ತಿದ್ದ. ಆರು ವರ್ಷ ಅವನು ಹೊಡೆದ. ಏಳನೆಯ ವರ್ಷ ಅವಳು ಒಂದೇ ಸಲ, ಅದೇ ಬಾಲದಿಂದ. ಹದಿನೈದು ದಿನ ಅವನು ಬೋರಲಾಗಿ ಮಲಗಿದ. ಆಮೇಲೆ ಇಬ್ಬರ ಸಂಸಾರ ಚೆನ್ನಾಗಿಯೇ ನಡೆಯಿತು, ಅವನ ಲಿವರ್ ಕೈಕೊಡುವ ತನಕ.

ಮಗಳು ನಿಶ್ಮಿತಾ ನರ್ಸ್ ಆಗಿ ಸಿಡ್ನಿಗೆ ಬಂದು, ಗಿರಾವೀನ್‌ನಲ್ಲಿ ಮನೆ ಮಾಡಿ, ಎರಡು ಮಕ್ಕಳಾದ ಮೇಲೆ ತಾಯಿಯನ್ನು ಕರೆಸಿಕೊಂಡು ಪಿಆರ್, ಅಂದರೆ ಕಾಯಂ ನೆಲೆಸುವ ಅನುಮತಿ, ಕೊಡಿಸಿದಳು. ಮೂರು ವರ್ಷ ಗುಣವತಿ ಆ ಮನೆಯ ಡಿಶ್‌ವಾಷರ್ ತುಂಬಿದಳು, ಖಾಲಿ ಮಾಡಿದಳು. ಮೊಮ್ಮಕ್ಕಳು ಅವಳು ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು. ಆ ಬೀದಿಯಲ್ಲಿ ಯಾರೂ ಯಾರನ್ನೂ ಕೂಗುತ್ತಿರಲಿಲ್ಲ. ಮೂವತ್ತಾರು ವರ್ಷ ಕೂಗಿ ಮಾರಿದ ಗಂಟಲಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಪಕ್ಕದ ಮನೆಯ ಹುಡುಗಿಯರು ರಸ್ತೆಯಲ್ಲಿ ಲಾಲಿಪಾಪ್ ಹಿಡಿಯುವ ಕೋರ್ಸಿಗೆ ಹೋಗುತ್ತೇವೆ ಅಂದಾಗ ಅವಳೂ ಚಪ್ಪಲಿ ಮೆಟ್ಟಿಕೊಂಡಳು.

"ಅಮ್ಮ, ರೋಡಲ್ಲಿ ನಿಲ್ತೀಯಾ? ಕನ್ನಡ ಸಂಘದವರು ನೋಡಿದ್ರೆ ಎಂತ ಹೇಳ್ತಾರೆ?" ಎಂದು ನಿಶ್ಮಿತಾ ಕೇಳಿದಳು.

"ಎಂತ ಹೇಳುದು? ನಾನು ಸ್ಟಾಪ್ ತೋರ್ಸಿದ್ರೆ ಅವರೂ ನಿಲ್ಬೇಕು."

"ತಮಾಷೆ ಬೇಡ. ನೋಡು, ನಿನ್ನ ಟಿಕೆಟ್ ಏನಾದ್ರೂ ಹೋಯ್ತೋ, ಮರುದಿನವೇ ನೀನು ಮತ್ತೆ ಈ ಮನೆಯೊಳಗೆ. ಮಾತು ಕೊಡು."

ಟಿಕೆಟ್ ಎಂದರೆ ರಸ್ತೆಯಲ್ಲಿ ನಿಲ್ಲಲು ಅಪ್ಪಣೆ ಕೊಡುವ ಕಾರ್ಡು. ಗುಣವತಿ ಮಾತು ಕೊಟ್ಟಳು. ಅಂದಿನಿಂದ ಆ ಕಾರ್ಡನ್ನು ಎದೆಯ ಜೇಬಿನಲ್ಲಿ, ಹಿಂದೆ ಮೀನಿನ ದುಡ್ಡಿಟ್ಟುಕೊಳ್ಳುತ್ತಿದ್ದ ಕಡೆಗೇ ಇಟ್ಟುಕೊಂಡಳು. ಅದು ಇರುವ ತನಕ ರಸ್ತೆ; ಹೋದರೆ ಡಿಶ್‌ವಾಷರ್.

ಆದರೆ ಕೆಲಸದಲ್ಲಿ ಅವಳಿಗೊಂದು ದೋಷವಿತ್ತು. ಗಾಡಿ ನಿಲ್ಲದೆ ಬಂದರೆ ಕೋಲು ಪಕ್ಕಕ್ಕೆ ಹಿಡಿದು, ಎಡ ಅಂಗೈ ಎತ್ತಿ, ಗಾಡಿಯ ಮುಂದಕ್ಕೇ ನಡೆದುಬಿಡುತ್ತಿದ್ದಳು. ಪ್ಯಾರಾಮಟ್ಟಾದಲ್ಲಿ ಒಂದು ಡೆಲಿವರಿ ವ್ಯಾನು ಹೀಗೆ ಅವಳ ಹೊಟ್ಟೆಯಿಂದ ಒಂದು ಗೇಣು ದೂರದಲ್ಲಿ ಬ್ರೇಕು ಕಿರುಚಿ ನಿಂತಿತು. ಡ್ರೈವರ್ ಇಳಿದು ಬಂದು ಅವಳ ಹೆಲ್ಮೆಟ್ಟಿಗೆ ಗುದ್ದಿದ. ಅವಳು ಅವನ ಮೂಗಿಗೆ ಗುದ್ದಿದಳು. ಮೂಗು ಒಡೆಯಿತು, ಹೆಲ್ಮೆಟ್ಟು ಒಡೆಯಲಿಲ್ಲ. ಸೇಫ್ಟಿ ನೋಡಿಕೊಳ್ಳುವ ಲಿನೆಟ್ ಎಂಬ ಹೆಂಗಸು ರಿಪೋರ್ಟ್ ಬರೆದಳು. ಅದನ್ನು ಕನ್ನಡದಲ್ಲಿ ಹೇಳುವ ಪಾಡು ಸೂಪರ್‌ವೈಸರ್ ಗುರುದತ್ತನದು. ಬೆಂಗಳೂರಿನಿಂದ ಓದಲು ಬಂದು, ಇಂಜಿನಿಯರ್ ಆಗಿ, ಪಿಆರ್ ಆಗಿ, ಮಾರ್ಟ್‌ಗೇಜಿಗೆ ಸಿಕ್ಕಿಕೊಂಡ ಹುಡುಗ.

"ಆಂಟಿ, ಕಾರ್ ಮುಂದೆ ಹೋಗ್ಬಾರ್ದು ಅಂತ ಟ್ರೈನಿಂಗಲ್ಲಿ ಹೇಳ್ಕೊಟ್ಟಿಲ್ವಾ?"

"ಹೇಳಿದ್ದಾರೆ."

"ಮತ್ತೆ?"

"ಮತ್ತೆ ಎಂತ? ವ್ಯಾನು ಬಂತು. ಕೈ ಹಿಡಿದೆ."

"ಅವ್ನು ನಿಲ್ಲಿಸ್ದೇ ಇದ್ದಿದ್ರೆ?"

"ಮನುಷ್ಯ ಅಡ್ಡ ನಿಂತ್ರೆ ಹೇಗೆ ಮಾರಾಯ ನಿಲ್ಲಿಸದೆ ಇರುದು?"

ಗುರುದತ್ತ ಇದನ್ನು ಇಂಗ್ಲಿಷಿಗೆ ತಿರುಗಿಸಲು ನೋಡಿದ. ಲಿನೆಟ್‌ಗೆ ಅರ್ಥವಾಗಲಿಲ್ಲ. ಗುಣವತಿಯ ಊರಿನಲ್ಲಿ ರಸ್ತೆ ದಾಟುವುದೇ ಹಾಗೆ. ಅಂಗೈ ಎತ್ತಿದರೆ ಎಕ್ಸ್‌ಪ್ರೆಸ್ ಬಸ್ಸೂ ಬೈದುಕೊಂಡು ನಿಲ್ಲುತ್ತದೆ, ಯಾಕೆಂದರೆ ಮೀನಿನ ಹೆಂಗಸಿಗೆ ಬಂಪರು ತಾಗಿಸಿದ ಡ್ರೈವರು ಬಸ್‌ಸ್ಟ್ಯಾಂಡು ತಲುಪುವುದಿಲ್ಲ. ಅವನನ್ನು ಇಳಿಸಿ ಚಚ್ಚಿ ಹಾಕುತ್ತಾರೆ. ಅಲ್ಲಿ ಎತ್ತಿದ ಒಂದು ಅಂಗೈಯ ಹಿಂದೆ ಇನ್ನೂರು ಕೈಗಳಿರುತ್ತವೆ. ಇಲ್ಲಿ ಅಂಗೈಯ ಹಿಂದೆ ಅಂಗೈ ಮಾತ್ರ.

ಸಿಡ್ನಿಯವರು ಅರವತ್ತು ವರ್ಷಗಳ ಹಿಂದೆ ಟ್ರ್ಯಾಮ್ ಹಳಿಗಳನ್ನು ಕಿತ್ತೆಸೆದು, ಈಗ ಅದನ್ನೇ ದುಬಾರಿ ಬೆಲೆಗೆ ಮತ್ತೆ ಹಾಕಿಸಿಕೊಂಡರು. ಮೆಲ್ಬರ್ನ್‌ನವರು ಕೀಳಲಿಲ್ಲ; ಆದ್ದರಿಂದ ವರ್ಷವಿಡೀ ತೇಪೆ ಹಾಕುತ್ತಿರುತ್ತಾರೆ. ಪ್ಯಾರಾಮಟ್ಟಾದ ಕೆಲಸ ಮುಗಿದಾಗ ಕಂಪನಿ ಲಿನೆಟ್‌ಳನ್ನೂ ಗುರುದತ್ತನನ್ನೂ ಹಳಿ ಬೆಸೆಯುವ ತನಿಯಪ್ಪನನ್ನೂ ಮೆಲ್ಬರ್ನ್‌ಗೆ ಕಳಿಸಿತು, ಗುಣವತಿಯೂ ಹೊರಟಳು. ತನಿಯಪ್ಪ ಬಂಟ್ವಾಳದ ಕಡೆಯವನು, ಕಪ್ಪಗೆ ಗಿಡ್ಡಗೆ ಕಲ್ಲಿನಂಥ ಆಳು. ಅವನೂ ಹೆಂಡತಿ ಅನಸೂಯಾಳೂ ಅಲ್ಲಿಯ ಟಾರ್ನೀಟ್‌ನಲ್ಲಿ ತಾವು ಬಾಡಿಗೆಗೆ ಹಿಡಿದ ಮನೆಯಲ್ಲಿ ಅವಳಿಗೊಂದು ಕೋಣೆ ಕೊಟ್ಟರು.

ಮೆಲ್ಬರ್ನ್‌ನ ಎರಡನೆಯ ತಿಂಗಳಲ್ಲಿ ಒಂದು ದೊಡ್ಡ ಕಾರು ಅವಳ ಎತ್ತಿದ ಅಂಗೈಯನ್ನು ನೋಡಿ ನಿಧಾನ ಮಾಡಿತು, ಆದರೆ ನಿಲ್ಲಲಿಲ್ಲ. ಬಂಪರನ್ನು ಅವಳ ಮೊಣಕಾಲಿಗೆ ಆನಿಸಿ, ದನ ಓಡಿಸುವ ಹಾಗೆ, ಮೆಲ್ಲಮೆಲ್ಲನೆ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿಕೊಂಡು ಹೋಯಿತು. ಹನ್ನೊಂದನೆಯ ಹೆಜ್ಜೆಗೆ ಅವಳು ಕೋಲಿನ ತಟ್ಟೆಯಿಂದ ಬಾನೆಟ್ಟಿಗೆ ಬಡಿದಳು. ಎರಡನೆಯ ರಿಪೋರ್ಟು. ಈ ಸಲ ಲಿನೆಟ್ ಮೇಜಿನ ಮೇಲೆ ಬೆರಳೂರಿ ಒಂದೊಂದೇ ಮಾತು ಹೇಳಿದಳು, ಗುರುದತ್ತ ಒಂದೊಂದನ್ನೇ ದಾಟಿಸಿದ.

"ಗಾಡಿ ಬಂದ್ರೆ ಪಕ್ಕಕ್ಕೆ ಸರೀರಿ. ವಿಸಲ್ ಊದಿ, ರೇಡಿಯೋದಲ್ಲಿ ಹೇಳಿ. ಅಷ್ಟೇ ನಿಮ್ಮ ಕೆಲ್ಸ. ನೀವು ಗೋಡೆ ಅಲ್ಲ ಆಂಟಿ."

"ಹೊಂಡದ ಒಳಗೆ ಇರುವವರು?"

"ಅವ್ರಿಗೆ ವಿಸಲ್ ಕೇಳ್ಸುತ್ತೆ."

"ಕಾಂಕ್ರೀಟು ಒಡೆಯುವ ಮಿಶನಿನ ಶಬ್ದದಲ್ಲಿ ನನ್ನ ಪೀಪಿ ಕೇಳ್ತದಾ?"

ಗುರುದತ್ತ ಅದನ್ನು ದಾಟಿಸಲಿಲ್ಲ. "ಮೂರನೇ ರಿಪೋರ್ಟ್ ಆದ್ರೆ ಟಿಕೆಟ್ ಕ್ಯಾನ್ಸಲ್ ಆಂಟಿ. ನನ್ ಕೈಲೂ ಏನೂ ಮಾಡಕ್ಕಾಗಲ್ಲ" ಎಂದ.

ಮೂರನೆಯದಕ್ಕೆ ಬಹಳ ದಿನ ಬೇಕಾಗಲಿಲ್ಲ.

ಮೆಲ್ಬರ್ನ್‌ನ ಉತ್ತರಕ್ಕೆ ಒಂದು ಹಳೆಯ ಅಂಗಡಿಬೀದಿ. ಹತ್ತು ದಿನ ಟ್ರ್ಯಾಮ್ ನಿಲ್ಲಿಸಿ, ರಸ್ತೆ ಮುಚ್ಚಿ, ಹಳೆಯ ಹಳಿ ಕಿತ್ತು ಹೊಸದು ಕೂರಿಸಬೇಕು. ಕಾಂಕ್ರೀಟು ಒಡೆದಾಗ ಅಡಿಯಲ್ಲಿ ಡಾಂಬರು ಕುಡಿದು ಕಪ್ಪಾದ ಮರದ ದಿಮ್ಮಿಗಳು ಸಿಕ್ಕವು, ನೂರು ವರ್ಷಗಳ ಹಿಂದಿನ ಕೂಲಿಗಳು ಸಾಲಾಗಿ ಜೋಡಿಸಿಟ್ಟವು, ಒಂದೂ ಕೊಳೆತಿರಲಿಲ್ಲ. ಅದರ ಮೇಲೆ ಹಾಕಿದ ಹೊಸ ಕಾಲದ ಕಾಂಕ್ರೀಟು ಮಾತ್ರ ಪುಡಿಯಾಗಿತ್ತು.

ಆ ಬೀದಿಯ ಗೇಟಿಗೆ ಒಂದು ಲಾರಿ ಬರಬೇಕಿತ್ತು. ಹಿಂಬದಿಗೆ ಮಂಚದಷ್ಟು ದಪ್ಪದ ಮೆತ್ತೆ ಕಟ್ಟಿದ, ಅಡ್ಡ ನಿಲ್ಲಿಸಿದರೆ ಎಂಥ ಗಾಡಿಯ ಗುದ್ದನ್ನೂ ನುಂಗುವ ಲಾರಿ. ಪ್ಲಾನಿನ ಕಾಗದದಲ್ಲಿ ಅದರ ಚಿತ್ರವೂ ಇತ್ತು. ರಸ್ತೆಯಲ್ಲಿ ಇರಲಿಲ್ಲ; ಅದನ್ನು ಇನ್ನೊಂದು ಕೆಲಸಕ್ಕೆ ಒಯ್ದಿದ್ದರು. ಕಾಗದದಲ್ಲಿ ಅದರ ಪಕ್ಕಕ್ಕೆ ಒಂದು ಸಣ್ಣ ಗೊಂಬೆ ಬರೆದಿದ್ದರು. ಆ ಗೊಂಬೆ ಗುಣವತಿ.

ಬೀದಿಯ ಒಳಗೆ ಒಬ್ಬ ಟೈಲ್ಸ್ ವ್ಯಾಪಾರಿಯ ಗೋದಾಮು ಇತ್ತು. ಕೆಂಪು ಗಡ್ಡ, ಬಿಳಿ ಯೂಟ್. ಯೂಟ್ ಎಂದರೆ ಮುಂದೆ ಕಾರು, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ರಸ್ತೆ ಮುಚ್ಚಿದ್ದರಿಂದ ಅವನು ಹಿಂದಿನ ಓಣಿಯಿಂದ ಸುತ್ತಿ ಹೋಗಬೇಕು. ಹೆಚ್ಚೆಂದರೆ ಹನ್ನೊಂದು ನಿಮಿಷದ ಸುತ್ತು. ಆ ಹನ್ನೊಂದು ನಿಮಿಷದಲ್ಲಿ ಅವನು ಎಷ್ಟು ಟೈಲ್ಸ್ ಮಾರುತ್ತಿದ್ದನೋ ಗೊತ್ತಿಲ್ಲ, ಆದರೆ ದಿನಕ್ಕೆ ಇಪ್ಪತ್ತು ನಿಮಿಷ ಗೇಟಿನಲ್ಲಿ ನಿಂತು ಬಯ್ಯಲು ಅವನಿಗೆ ಪುರಸೊತ್ತಿತ್ತು.

ಮೊದಲ ದಿನ ಬೈದ. ಮೂರನೆಯ ದಿನ ಮಿಲ್ಕ್‌ಶೇಕ್ ಎಸೆದ. ಐದನೆಯ ದಿನ ಕಿಟಕಿಯಿಂದ ಕೈ ಚಾಚಿ ಅವಳ ಕೋಲು ಹಿಡಿದುಕೊಂಡು ಗಾಡಿ ಮುಂದೆ ಬಿಟ್ಟ. ಕೋಲು ಬಿಡದ ಗುಣವತಿ ನಾಲ್ಕು ಮಾರು ಹಾಗೆಯೇ ಎಳೆಸಿಕೊಂಡು ಹೋಗಿ ಬಿದ್ದಳು; ಅವನು ಗಾಡಿ ನಿಲ್ಲಿಸಿ ನಕ್ಕ. ಎರಡೂ ಮಂಡಿಗಳ ಚರ್ಮ ಡಾಂಬರಿಗೆ ಹೋಯಿತು. ಎದ್ದು ಕೋಲು ಎತ್ತಿ, ಕೋನ್ ಸರಿಮಾಡಿ, ಮತ್ತೆ ಅದೇ ಜಾಗದಲ್ಲಿ ನಿಂತಳು. ಅವನ ಮೇಲೆ ಕೈ ಮಾಡಲಿಲ್ಲ. ನಗುನಗುತ್ತ ಅವನ ಹುಟ್ಟಿನ ಬಗ್ಗೆಯೂ, ಅವನ ಗಡ್ಡ ಯಾವ ಮೀನಿನ ಕರುಳನ್ನು ಹೋಲುತ್ತದೆ ಎಂಬ ಬಗ್ಗೆಯೂ ತುಳುವಿನಲ್ಲಿ ವಿವರವಾಗಿ ಹೇಳಿದಳು. ತುಳುವಿನ ಬಯ್ಗುಳಕ್ಕೆ ರಿಪೋರ್ಟು ಬರೆಯುವವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಹೊಂಡದಿಂದ ತನಿಯಪ್ಪ ತಲೆ ಎತ್ತಿ ನೋಡಿದ. "ಅಕ್ಕ, ಒಂದು ಮಾತು ಹೇಳಿ. ಅವನ ಕೈ ಮುರಿದು ಬರ್ತೇನೆ."

"ನೀನು ಹಳಿ ನೋಡು. ಇನ್ನು ಐದು ದಿನ. ನನ್ನ ಟಿಕೆಟಿಗೆ ಕಲ್ಲು ಹಾಕ್ಬೇಡ."

ಎಂಟನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ತನಿಯಪ್ಪ ಹಳಿ ಬೆಸೆಯಲು ಕೂತಿದ್ದ. ಎರಡು ಹಳಿಗಳ ತುದಿಗಳ ನಡುವೆ ಎರಡು ಬೆರಳಿನ ಸಂದು. ಸುತ್ತ ಮರಳಿನ ಅಚ್ಚು. ಅದರ ಮೇಲೆ ಮಡಕೆಯಂಥ ಒಂದು ಪಾತ್ರೆ. ಅದರಲ್ಲಿ ತುಂಬಿದ ಮದ್ದಿಗೆ ಬೆಂಕಿ ತಾಗಿಸಿದರೆ ಒಳಗೆ ಉಕ್ಕು ನೀರಾಗುತ್ತದೆ, ತಾನಾಗಿ ತಳ ಒಡೆದು ಸಂದಿಗೆ ಇಳಿಯುತ್ತದೆ. ಹೊತ್ತಿಸಿದ ಮೇಲೆ ನಿಲ್ಲಿಸುವಂತಿಲ್ಲ, ಪಾತ್ರೆಯನ್ನು ಅಲ್ಲಾಡಿಸುವಂತಿಲ್ಲ. ಸೊಂಟದಾಳದ ಹೊಂಡದಲ್ಲಿ ತನಿಯಪ್ಪನೂ ಇನ್ನಿಬ್ಬರೂ ಪಾತ್ರೆಯ ಮಗ್ಗುಲಲ್ಲಿದ್ದರು. ಗೇಟಿನಿಂದ ಅಲ್ಲಿಗೆ ಇಪ್ಪತ್ತೈದು ಹೆಜ್ಜೆ, ನಡುವೆ ಏನೂ ಇಲ್ಲ. ಮದ್ದು ಹೊತ್ತಿತು, ಬಿಳಿ ಬೆಂಕಿ ಎದ್ದಿತು.

ಅದೇ ಹೊತ್ತಿಗೆ ಬೀದಿಯ ತುದಿಯಲ್ಲಿ ಬಿಳಿ ಯೂಟ್ ತಿರುಗಿತು.

ಗುಣವತಿ ಸ್ಟಾಪ್ ತೋರಿಸಿದಳು. ಎಡಗೈ ತಾನಾಗಿಯೇ ಮೇಲಕ್ಕೆ ಹೋಯಿತು, ಕಾಲು ತಾನಾಗಿಯೇ ಎರಡು ಹೆಜ್ಜೆ ಮುಂದೆ ಬಂತು. ಅವನು ವೇಗ ಹೆಚ್ಚಿಸಿದ. ಕಿಟಕಿ ತೆರೆದಿತ್ತು; ಅವಳಿಗೆ ಬಯ್ಯುವುದಕ್ಕೆಂದೇ ಅವನು ದಿನವೂ ತೆರೆದಿಟ್ಟುಕೊಳ್ಳುತ್ತಿದ್ದ. ಆದರೆ ಇವತ್ತು ಅವನು ಬಯ್ಯುತ್ತಿರಲಿಲ್ಲ. ಸಾವಿರಾರು ಗಿರಾಕಿಗಳ ಮುಖ ಓದಿದ್ದ ಗುಣವತಿಗೆ ಚೌಕಾಸಿಗೆ ಬಾರದ ಮುಖ ಯಾವುದೆಂದು ಗೊತ್ತಿತ್ತು. ಇವನು ನಿಲ್ಲುವುದಿಲ್ಲ.

ಪುಸ್ತಕದಲ್ಲಿ ಹೇಳಿದ ಹಾಗೆ ಅವಳು ಪಕ್ಕಕ್ಕೆ ಸರಿದಳು. ಪುಸ್ತಕದಲ್ಲಿ ಹೇಳಿದ ಹಾಗೆ ವಿಸಲ್ ಊದಿದಳು. ಮೊದಲ ಕೋನ್ ಚಕ್ರಕ್ಕೆ ಸಿಕ್ಕಿ ಹಾರಿತು. ತೆರೆದ ಕಿಟಕಿ ಅವಳ ಎದೆಯ ಮಟ್ಟಕ್ಕೆ ಬಂದಾಗ ಅವಳು ಕೋಲನ್ನು ತಿರುಗಿಸಿ, ಎರಡೂ ಕೈಗಳಿಂದ, ದೋಣಿಯನ್ನು ದಡದಿಂದ ನೂಕುವ ಹಾಗೆ, ಹಿಡಿಯನ್ನು ಕಿಟಕಿಯೊಳಗೆ ತುರುಕಿದಳು.

ಕೋಲು ಸ್ಟಿಯರಿಂಗಿನ ಸಂದಿಗೆ ಹೊಕ್ಕಿತು. ಚಕ್ರ ತಿರುಗಿ, ಕೋಲು ಬಾಗಿ, ಬುಡ ಅವನ ದವಡೆಗೂ ತುದಿ ಅವಳ ಬಲ ತೋಳಿಗೂ ಒಂದೇ ಸಲಕ್ಕೆ ಬಡಿದವು. ಅವಳ ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಯೂಟ್ ಎಡಕ್ಕೆ ಹೊರಳಿ ರಸ್ತೆಯಂಚಿನ ಕಾಂಕ್ರೀಟಿನ ತಡೆಗೆ ಗುದ್ದಿತು. ತೊಟ್ಟಿಯಲ್ಲಿದ್ದ ಟೈಲ್ಸ್ ಪೆಟ್ಟಿಗೆಗಳು ಮುಂದಕ್ಕೆ ಹಾರಿ ಗಾಜು ಒಡೆದುಕೊಂಡು ರಸ್ತೆಯಲ್ಲಿ ಹರಡಿದವು. ಹೊಂಡದಿಂದ ಎಂಟು ಹೆಜ್ಜೆ ದೂರದಲ್ಲಿ ಗಾಡಿ ನಿಂತಿತು. ಪಾತ್ರೆ ಅಲುಗಲಿಲ್ಲ. ಉಕ್ಕು ಇನ್ನೂ ಇಳಿದಿರಲಿಲ್ಲ.

ಗುಣವತಿ ಗಾಡಿಯ ಹಿಂದೆಯೇ ಓಡಿಬಂದಳು. ಅವನು ಇಳಿದ. ಗಡ್ಡದಿಂದ ರಕ್ತ ಸೋರುತ್ತಿತ್ತು, ದವಡೆ ಒಂದು ಕಡೆಗೆ ಜೋತುಬಿದ್ದಿತ್ತು, ಕೈಯಲ್ಲಿ ವೀಲ್ ಸ್ಪ್ಯಾನರ್. ಮೊದಲ ಏಟು ಗುಣವತಿಯ ಹೆಲ್ಮೆಟ್ಟನ್ನು ಎರಡು ಹೋಳು ಮಾಡಿತು. ಎರಡನೆಯದು ಹೆಗಲಿಗೆ. ಅವಳು ಬಿದ್ದಳು, ಬಿದ್ದಲ್ಲಿಂದಲೇ ಒಡೆದ ಟೈಲ್ಸಿನ ಒಂದು ಚೂರು ಎಡಗೈಗೆ ಸಿಕ್ಕಿತು, ಅದನ್ನು ಅವನ ಮೀನಖಂಡಕ್ಕೆ ಎಳೆದಳು. ಅವನು ಕಿರುಚಿ ಅವಳ ಮೇಲೆಯೇ ಕುಸಿದ. ಅವಳು ಅವನ ಕಿವಿ ಕಚ್ಚಿ ಹಿಡಿದಳು. ಹೊಂಡದಲ್ಲಿ ತನಿಯಪ್ಪ ಪಾತ್ರೆಯನ್ನು ನೋಡುತ್ತಿದ್ದ, ಅಕ್ಕನನ್ನು ನೋಡುತ್ತಿದ್ದ; ಉಕ್ಕು ಇಳಿಯುವ ತನಕ ಅವನಿಗೆ ಅಲ್ಲಿಂದ ಏಳುವಂತಿರಲಿಲ್ಲ. ಅವನ ಜನ್ಮದಲ್ಲಿ ಅಷ್ಟು ನಿಧಾನವಾಗಿ ಯಾವ ಉಕ್ಕೂ ಕರಗಿರಲಿಲ್ಲ.

ಇಳಿಯಿತು. ತನಿಯಪ್ಪ ಅಚ್ಚು ಒಡೆಯುವ ದೊಡ್ಡ ಸುತ್ತಿಗೆ ಹಿಡಿದು ಹೊಂಡದಿಂದ ಹಾರಿಬಂದ. ಮೊದಲ ಏಟಿಗೆ ಆ ಮನುಷ್ಯನ ಮೊಣಕೈ ಹಿಂದುಮುಂದಾಯಿತು, ಸ್ಪ್ಯಾನರ್ ಬಿತ್ತು. ಎರಡನೆಯ ಏಟಿಗೆ ಪಕ್ಕೆಲುಬು. ಮೂರನೆಯದಕ್ಕೆ ಸುತ್ತಿಗೆ ತಲೆಯ ಮೇಲಕ್ಕೆ ಎದ್ದಿತು. ಗುಣವತಿ ಕಿವಿ ಬಿಟ್ಟು ಆ ಮನುಷ್ಯನ ತಲೆಯ ಮೇಲೆ ಅಡ್ಡ ಬಿದ್ದಳು.

"ಬಿಡು ತನಿಯಪ್ಪ! ಬಿಡು ಮಾರಾಯ! ಇವನು ಸತ್ರೆ ನನ್ನ ಟಿಕೆಟು ಹೋಗ್ತದೆ!"

ಸುತ್ತಿಗೆ ಗಾಳಿಯಲ್ಲೇ ನಿಂತಿತು. ಆಸ್ಪತ್ರೆಯಲ್ಲಿ ಆ ಮನುಷ್ಯನ ದವಡೆಗೆ ತಂತಿ ಕಟ್ಟಿದರು. ಆಮೇಲೆ ಪೊಲೀಸರು ಅವನನ್ನು ಕರೆದುಕೊಂಡು ಹೋದರು. ತನ್ನ ಪ್ರಾಣ ಒಂದು ಪ್ಲಾಸ್ಟಿಕ್ ಕಾರ್ಡಿನ ದೆಸೆಯಿಂದ ಉಳಿಯಿತೆಂದು ಅವನಿಗೆ ಇವತ್ತಿಗೂ ಗೊತ್ತಿರಲಾರದು. ಆ ಬೆಸುಗೆ ಮಾತ್ರ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆರು ದಿನಗಳ ಮೇಲೆ ಲಿನೆಟ್ ಕರೆಸಿದಳು. ಗುಣವತಿ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಕಂಪನಿಯ ಆಫೀಸಿಗೆ ಹೋದಳು. ಮೇಜಿನ ಮೇಲೆ ಟೈಪ್ ಮಾಡಿದ ಒಂದು ಪುಟ ಸಿದ್ಧವಿತ್ತು. ಗುರುದತ್ತ ಹೇಳಿದ: "ಇದ್ರಲ್ಲಿ ಏನಿದೆ ಅಂದ್ರೆ ಆಂಟಿ, ನೀವು ರೂಲ್ ಪ್ರಕಾರ ಪಕ್ಕಕ್ಕೆ ಸರಿದ್ರಿ, ಆಗ ಕೋಲು ಕೈಯಿಂದ ಜಾರಿ ಕಿಟಕಿ ಒಳಗೆ ಹೋಯ್ತು. ಆಕ್ಸಿಡೆಂಟ್. ಸೈನ್ ಮಾಡಿ, ಮೂರನೇ ರಿಪೋರ್ಟೇ ಇರಲ್ಲ."

"ಜಾರಿದ್ದಲ್ಲವಲ್ಲ ಅದು."

"ನಂಗೊತ್ತು. ಎಲ್ರಿಗೂ ಗೊತ್ತು. ಆದ್ರೆ ಬೇಕಂತ ಹೊಡೆದ್ರಿ ಅಂದ್ರೆ, ಯಾಕೆ ಹೊಡೀಬೇಕಾಯ್ತು ಅಂತ ಕೇಳ್ತಾರೆ. ಆಗ ಲಾರಿ ವಿಷ್ಯ ಬರುತ್ತೆ. ಸರ್ಕಾರದ ಇನ್ಸ್‌ಪೆಕ್ಟರ್ ಬೇರೆ ಬರ್ತಿದ್ದಾನೆ."

ಸುಳ್ಳು ಹೇಳುವುದು ಗುಣವತಿಗೆ ಹೊಸದಲ್ಲ. ಮೂರು ದಿನದ ಬಂಗುಡೆಯನ್ನು ಈಗ ತಾನೇ ದೋಣಿಯಿಂದ ಇಳಿದದ್ದೆಂದು ದೇವರ ಮೇಲೆ ಆಣೆ ಇಟ್ಟು ಮಾರಿದ ಬಾಯಿ ಅದು. ಆದರೆ ಈ ಸುಳ್ಳು ತನಗಿಂತ ಹೆಚ್ಚಾಗಿ ಎದುರಿಗಿದ್ದವರಿಗೇ ಬೇಕಾಗಿದೆ ಎಂಬುದು ಅವಳಿಗೆ ಕೂಡಲೇ ಹೊಳೆಯಿತು. ಗಿರಾಕಿಗೆ ಬೇಕಾದ ಮಾಲನ್ನು ಪುಕ್ಕಟೆ ಕೊಡುವ ಅಭ್ಯಾಸ ಅವಳಿಗಿರಲಿಲ್ಲ.

"ಸೈನ್ ಹಾಕ್ತೇನೆ. ನಾಳೆಯಿಂದ ಎಲ್ಲ ಗೇಟಿಗೂ ಆ ಮೆತ್ತೆಯ ಲಾರಿ ಬರ್ಬೇಕು. ಹೇಳು ಅವಳಿಗೆ."

ಲಿನೆಟ್ ಕೇಳಿಸಿಕೊಂಡು, ಅದು ತನ್ನ ಕೈಯಲ್ಲಿಲ್ಲ, ನೋಡೋಣ ಎಂದಳು.

'ನೋಡೋಣ' ಎಂದವರ ಮುಂದೆ ಏನು ಮಾಡಬೇಕೆಂದು ಗುಣವತಿಗೆ ಹದಿನಾಲ್ಕನೆಯ ವಯಸ್ಸಿನಿಂದ ಗೊತ್ತು. ಬುಟ್ಟಿ ತಲೆಗೇರಿಸಬೇಕು, ಹೊರಡಬೇಕು. ಅಂಗಳದ ಗೇಟು ದಾಟುವ ಮೊದಲು 'ಏಯ್, ಬಾ ಇಲ್ಲಿ' ಎಂದು ಕರೆಯದ ಮನೆ ಉಡುಪಿಯಲ್ಲಿ ಇರಲಿಲ್ಲ. ಕರೆಯುವವರು ಮುಖ ಊದಿಸಿಕೊಂಡು ಕರೆಯುತ್ತಾರೆ, ಇಳಿಸುವವಳು ಮುಖ ಊದಿಸಿಕೊಂಡು ಇಳಿಸುತ್ತಾಳೆ, ವ್ಯಾಪಾರ ನಡುದಾರಿಯಲ್ಲಿ ಕುದುರುತ್ತದೆ. ಅವಳು ಎದೆಯ ಜೇಬಿನಿಂದ ಟಿಕೆಟ್ ತೆಗೆದು ಮೇಜಿನ ಮೇಲಿಟ್ಟಳು.

"ಲಾರಿ ಇಲ್ಲದಿದ್ರೆ ಇದೂ ನಂಗೆ ಬೇಡ. ನೀವೇ ಇಟ್ಕೊಳ್ಳಿ."

ಎದ್ದಳು. ಬಾಗಿಲಿನ ತನಕ ಐದು ಹೆಜ್ಜೆ, ನಿಧಾನವಾಗಿ ನಡೆದಳು. ಹೊಸ್ತಿಲಲ್ಲಿ ಶೂವಿನ ಲೇಸು ಸರಿಮಾಡಿಕೊಂಡಳು, ಸರಿಯಾಗಿಯೇ ಇತ್ತು. ಕಾರಿಡಾರಿನಲ್ಲಿ ಗೋಡೆಯ ಮೇಲಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ಕೊಳ್ಳುವವಳ ಹಾಗೆ ನೋಡಿದಳು. ಹಿಂದೆ ಹೆಜ್ಜೆಯ ಸದ್ದು ಕೇಳಿಸಿತು. ಬಂತು ಎಂದುಕೊಂಡು, ಮುಖ ಊದಿಸಿಕೊಂಡು ತಿರುಗಿದಳು. ಲಿನೆಟ್ ಅವಳು ಮರೆತುಬಂದ ಟೋಪಿಯನ್ನು ಕೈಗಿತ್ತು, ಬಹಳ ಮೃದುವಾಗಿ ಹೆಗಲು ಮುಟ್ಟಿ, "ಟೇಕ್ ಕೇರ್, ಡಾರ್ಲ್" ಎಂದು ಹೊರಬಾಗಿಲು ತೆರೆದುಕೊಟ್ಟಳು.

ಸಂಜೆ ಗುರುದತ್ತ ಫೋನ್ ಮಾಡಿದ. "ಆಂಟಿ, ನೀವು ರಿಸೈನ್ ಮಾಡಿದ್ರಿ ಅಂದ್ಕೊಂಡ್ರು ಅವ್ರು."

"ರೇಟು ಹೇಳಿದ್ದು ಮಾರಾಯ ನಾನು! ಕರೀಬೇಡ್ವಾ?"

"ಈ ಊರಲ್ಲಿ ಯಾರೂ ಕರಿಯಲ್ಲ ಆಂಟಿ. ಹೋಗ್ತೀನಿ ಅಂದ್ರೆ ಬಾಗ್ಲು ತೆಗೀತಾರೆ. ಈಗ ಕೇಳಿ. ಲಿನೆಟ್ ಟಿಕೆಟ್ ಡ್ರಾಯರಲ್ಲಿ ಇಟ್ಟಿದ್ದಾಳೆ, ಎಲ್ಲೂ ಕಳಿಸಿಲ್ಲ. ನಾಳೆ ಇನ್ಸ್‌ಪೆಕ್ಟರ್ ತನಿಯಪ್ಪನ ಮನೆಗೇ ಬರ್ತಾನೆ. ಅವ್ನ ಹತ್ರ ಜಾರ್ತು ಅಂದ್ಬಿಡಿ. ಒಂದೇ ಒಂದ್ ಪದ. ನಾಡಿದ್ದು ಟಿಕೆಟ್ ನಾನೇ ತಂದ್ಕೊಡ್ತೀನಿ."

"ಲಾರಿ?"

"ಅದೊಂದನ್ನ ಮಾತ್ರ ಕೇಳ್ಬೇಡಿ ಆಂಟಿ" ಎಂದ ಗುರುದತ್ತ. ಅಂದರೆ ಕರೆದದ್ದು ಹೌದು, ಹಳೆಯ ರೇಟಿಗೆ.

ಮರುದಿನ ಇನ್ಸ್‌ಪೆಕ್ಟರ್ ಬಂದ. ಬಿಸಿಲಿಗೆ ಮೂಗು ಸುಲಿದ, ಮಾತು ಕಡಿಮೆಯ ಮುದುಕ. ಅನಸೂಯಾ ಅಡುಗೆಮನೆಯ ಮೇಜಿಗೇ ಚಹಾ ತಂದಿಟ್ಟಳು. ತನಿಯಪ್ಪ ಫ್ರಿಜ್ಜಿಗೆ ಒರಗಿ ನಿಂತಿದ್ದ. ಭಾಷೆಗೆ ಸಹಾಯವಾಗಲೆಂದು ಗುರುದತ್ತ ಗುಣವತಿಯ ಪಕ್ಕದಲ್ಲಿ ಕೂತಿದ್ದ. ಅವನ ಕಾಲು ಮೇಜಿನಡಿಯಲ್ಲಿ ಕುಣಿಯುತ್ತಿತ್ತು. ಕೋಲು ಹೇಗೆ ಒಳಗೆ ಹೋಯಿತೆಂದು ಇನ್ಸ್‌ಪೆಕ್ಟರ್ ಕೇಳಿದ. ಗುರುದತ್ತ ತಾನೇ ಮುಂದಾಗಿ, ಆಕೆ ಸರಿದು ನಿಂತಾಗ ಜಾರಿತೆಂದು ಇಂಗ್ಲಿಷಿನಲ್ಲಿ ಹೇಳಿದ. ಇನ್ಸ್‌ಪೆಕ್ಟರ್ ಬರೆದುಕೊಳ್ಳಲು ಪೆನ್ನು ಊರಿದ.

ಗುಣವತಿಯ ಕಣ್ಣ ಮುಂದೆ ಗಿರಾವೀನ್‌ನ ಅಡುಗೆಮನೆ ಬಂತು. ಬಿಳಿ ಬಾಗಿಲು ತೆರೆದರೆ ಹಬೆ, ಸಾಲುಸಾಲು ತಟ್ಟೆಗಳು, ಮೂರು ವರ್ಷ. ಅವಳು ತನಿಯಪ್ಪನ ಕಡೆಗೆ ನೋಡಿದಳು. ನಾಳೆ ಅವನು ಇನ್ನೊಂದು ಬೀದಿಯಲ್ಲಿ, ಇನ್ನೊಂದು ಪಾತ್ರೆಯ ಮಗ್ಗುಲಲ್ಲಿ, ಗೇಟಿಗೆ ಬೆನ್ನು ಹಾಕಿ ಕೂತಿರುತ್ತಾನೆ.

"ನೋ ಸ್ಲಿಪ್" ಎಂದಳು. "ಐ ಹಿಟ್."

"ಆಂಟಿ..."

"ನೀನು ಸುಮ್ಮನಿರು. ಕಿಟಕಿ ನೋಡಿ ಹೊಡೆದದ್ದು ನಾನು." ಇನ್ಸ್‌ಪೆಕ್ಟರ್ ಕಡೆಗೆ ತಿರುಗಿ, ಇದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿದಳು. "ಫಸ್ಟ್, ಬುಕ್. ಐ ಗೋ ಸೈಡ್. ಪೀಪಿ. ಹಿ ನೋ ಸ್ಟಾಪ್. ದೆನ್, ಮೀ."

ಇನ್ಸ್‌ಪೆಕ್ಟರ್ ಪೆನ್ನು ಎತ್ತಿದ. ತನ್ನ ಚೀಲದಿಂದ ಪ್ಲಾನಿನ ಕಾಗದ ತೆಗೆದು ಬಿಡಿಸಿ, ಗೇಟಿನ ಬಳಿಯ ಲಾರಿಯ ಚಿತ್ರದ ಮೇಲೆ ಬೆರಳಿಟ್ಟು, ಇದು ಎಲ್ಲಿತ್ತು ಎಂದು ಕೇಳಿದ. ಗುರುದತ್ತನ ಕಾಲು ಕುಣಿಯುವುದು ನಿಂತಿತು.

ಗುಣವತಿ ಎಡಗೈಯಿಂದ ಆ ಚಿತ್ರವನ್ನು ತಟ್ಟಿದಳು. "ಟ್ರಕ್, ಪೇಪರ್." ಆಮೇಲೆ ಪ್ಲಾಸ್ಟರ್ ಹಾಕಿದ ಬಲಗೈಯಿಂದ ತನ್ನ ಎದೆ ತಟ್ಟಿಕೊಂಡಳು. "ರೋಡ್, ಗುಣವತಿ."

ಇನ್ಸ್‌ಪೆಕ್ಟರ್ ಬಹಳ ಹೊತ್ತು ಬರೆದ. ಚಹಾ ಕುಡಿದು ಮುಗಿಸಿ, ಹೊರಡುವಾಗ ಅವಳ ಎಡಗೈ ಕುಲುಕಿದ. ಬೇಕೆಂದೇ ಹೊಡೆದೆ ಎಂದು ಒಪ್ಪಿಕೊಂಡವರ ಟಿಕೆಟ್ ಉಳಿಸುವ ಕಾನೂನು ತನ್ನ ಬಳಿ ಇಲ್ಲ ಎಂದೂ ಹೇಳಿದ. ಕಂಪನಿಯ ಎಲ್ಲ ಕೆಲಸಗಳೂ ಒಂದು ವಾರ ನಿಂತವು. ವಾರದ ಮೇಲೆ ತೆರೆದಾಗ ಗೇಟುಗೇಟಿಗೂ ಹಳದಿ ಮೆತ್ತೆಯ ಲಾರಿ ನಿಂತಿತ್ತು. ಒಂದರ ಫೋಟೋವನ್ನು ತನಿಯಪ್ಪ ಹೊಂಡದಿಂದಲೇ ತೆಗೆದು ಅವಳಿಗೆ ಕಳಿಸಿದ.

ಆಗ ಗುಣವತಿ ಸಿಡ್ನಿ ಬಸ್ಸಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದಳು. ಫೋನ್ ಮತ್ತೆ ಸದ್ದು ಮಾಡಿತು, ನಿಶ್ಮಿತಾ.

"ಅಮ್ಮ, ಟಿಕೆಟ್ ಹೋಯ್ತಂತೆ, ಹೌದಾ?"

"ಹೋದದ್ದಲ್ಲ. ಕೊಟ್ಟದ್ದು."

"ಕೊಟ್ಟದ್ದಾ? ಎಂತಕ್ಕೆ?"

"ಲಾರಿಗೆ."

ಆ ಕಡೆ ಮಗಳ ಹಿಂದೆ ಮೊಮ್ಮಕ್ಕಳು ಜಗಳವಾಡುತ್ತಿದ್ದವು. ಒಂದು ಇನ್ನೊಂದಕ್ಕೆ ಬಾರಿಸಿದ ಸದ್ದು ಕೇಳಿಸಿತು.

"ಯಾರು ಹೊಡೆದದ್ದು?" ಎಂದು ಗುಣವತಿ ಕೇಳಿದಳು.

"ಸಣ್ಣವಳು. ದಿನಾ ಅಣ್ಣನ ಹತ್ರ ಪೆಟ್ಟು ತಿಂತಾಳೆ. ಇವತ್ತು ತಿರುಗಿ ಕೊಟ್ಟಳು. ನೀನು ಬಾ, ಬಂದು ಬುದ್ಧಿ ಹೇಳು."

"ಬರ್ತೇನೆ" ಎಂದು ಗುಣವತಿ ಬಸ್ಸು ಹತ್ತಿದಳು. ಬುದ್ಧಿ ಯಾರಿಗೆ ಹೇಳಬೇಕೆಂದು ಅವಳು ಮಗಳನ್ನು ಕೇಳಲಿಲ್ಲ.